ಹಳೇ ಲೇತಿನ ಅಳತೆ

ಇಪ್ಪತ್ತಾರು ವರ್ಷ ಲೋಹ ಕಡೆಯುವ ಒಂದೇ ಲೇತಿನ ಮುಂದೆ ನಿಂತ ಟರ್ನರ್‌ಗೆ ಅದರ ಸುಳ್ಳೂ ಗೊತ್ತಿತ್ತು: ಡಯಲ್ ತೋರಿಸಿದ್ದಕ್ಕಿಂತ ಅದು ಕೂದಲೆಳೆಯಷ್ಟು ಹೆಚ್ಚು ಲೋಹ ಕೊರೆಯುತ್ತಿತ್ತು. ಸೋರದ ವಾಲ್ವನ್ನು ಅವನು ರೂಪಿಸಿದ್ದು ಅದರಲ್ಲೇ. ರೂಢಿಯಂತೆ ನಕ್ಷೆಯಲ್ಲಿ ಬರೆದದ್ದೂ ಆ ಡಯಲಿನ ಅಂಕಿಗಳನ್ನೇ.

ಆ ಲೇತಿದ್ದ ಶೆಡ್ಡಿನ ಪಾಲುದಾರನಾಗಿದ್ದ ಅಕ್ಕನ ಗಂಡ ಆ ನಕ್ಷೆಯ ಮೇಲೆ ತನ್ನ ಹೆಸರು ಬರೆದು ಬಂಡವಾಳದಾರರನ್ನು ಒಲಿಸಿಕೊಂಡ, ಹೊಸ ಕಾರ್ಖಾನೆ ತೆರೆದ. "ಕೈ ನಿನ್ನದಿರಬಹುದು, ತಲೆ ನನ್ನದು" ಎಂದು ಹೇಳಿ ಹೋದ. ಟರ್ನರ್ ಹಲ್ಲು ಕಚ್ಚಿ ಕಾದ.

ಎಂಟನೇ ತಿಂಗಳು ಭಾವ ಚೀಲದ ತುಂಬ ವಾಲ್ವ್ ಹೊತ್ತು ಶೆಡ್ಡಿಗೆ ಬಂದ.

"ಹೊಸ ಮಷೀನು ನಕ್ಷೆ ಅಳತೆ ಚೂರೂ ತಪ್ಪಲ್ಲ ಕಣೋ. ಆದ್ರೂ ಎಲ್ಲಾ ಸೋರ್ತಿವೆ. ನಾಳೆ ದುಡ್ಡು ಹಾಕಿದೋರು ಬರ್ತಾರೆ."

"ತಲೆ ನಿಮ್ಮದಲ್ವಾ ಭಾವ, ಅದನ್ನೇ ಕೇಳಿ."

"ನಿಮ್ಮಕ್ಕನ ಮುಖ ನೋಡಾದ್ರೂ ಹೇಳೋ."

"ಅವಳ ಮುಖ ನೋಡಿಯೇ ಇಷ್ಟು ದಿನ ಬಾಯಿ ಬಿಡಲಿಲ್ಲ. ನಕ್ಷೆ ಯಾರದು ಅಂತ ನಾಳೆ ಅವರ ಮುಂದೆ ನೀವು ಹೇಳಿ. ಆಮೇಲೆ ನಾನು ಹೇಳ್ತೀನಿ."

ಮರುದಿನ ಟರ್ನರ್ ಬೇಕೆಂದೇ ಎಣ್ಣೆ ಮೆತ್ತಿದ ಅಂಗಿಯಲ್ಲಿ ಕಾರ್ಖಾನೆಗೆ ಹೋಗಿ ನುಣುಪಾದ ಮೇಜಿನ ತುದಿಯಲ್ಲಿ ಕುಳಿತ. ಭಾವ ತಲೆ ತಗ್ಗಿಸಿ, "ನಕ್ಷೆ ಇವನದು" ಎಂದ. ಆ ಎರಡು ಪದ ಟರ್ನರ್‌ಗೆ ಸಾಕಾಗಲಿಲ್ಲ.

"ಗಟ್ಟಿಯಾಗಿ ಹೇಳಿ ಭಾವ, ಕೊನೇಲಿ ಕೂತವರಿಗೆ ಕೇಳಿಸಲಿಲ್ಲ."

ಭಾವ ಮತ್ತೆ ಹೇಳಿದ. ಆಗ ಟರ್ನರ್ ಎದ್ದು ಬಂಡವಾಳದಾರರತ್ತ ತಿರುಗಿ, "ಸರಿಯಾದ ಅಳತೆ ನನ್ನ ಹಳೇ ಲೇತಿನಲ್ಲಿದೆ. ಬೇಕಾದವರು ಶೆಡ್ಡಿಗೆ ಬನ್ನಿ" ಎಂದು ಹೊರಟ. ಒಬ್ಬೊಬ್ಬರಾಗಿ ಎಲ್ಲರೂ ಅವನ ಹಿಂದೆ ನಡೆದರು. ಭಾವನ ಬಳಿ ಸೋರುವ ವಾಲ್ವುಗಳ ಚೀಲವಷ್ಟೇ ಉಳಿಯಿತು.