ರೊಸೆಂಡಾಳ ಕೈಗೆ ತಣ್ಣೀರು

ನಮ್ಮ ಲುಂಬಾನ್ ಊರಿನಲ್ಲಿ ಹೆಣ್ಣಿನ ಮೈಗೆ ಏನಾದರೂ ಅದರ ಹೆಸರು ಪಸ್ಮಾ. ಬಿಸಿಯಾದ ಕೈಗೆ ತಣ್ಣೀರು ತಗುಲಿದರೆ ನರ ಕೆಡುತ್ತದೆ, ಅಂಗೈ ಬೆವರುತ್ತದೆ, ಬೆರಳು ನಡುಗುತ್ತದೆ ಎಂಬ ಈ ನಂಬಿಕೆಯನ್ನು ನಮ್ಮವರು ಜ್ಞಾನವೆಂದು ಕರೆದುಕೊಂಡಿದ್ದಾರೆ. ಇಂಥ ಜ್ಞಾನಕ್ಕೆ ಪುರಾವೆ ಬೇಕಿಲ್ಲ. ಗಟ್ಟಿ ದನಿಯಿದ್ದರೆ ಸಾಕು. ನಮ್ಮ ಬೀದಿಯ ಕಸೂತಿ ಮನೆಯ ಯಜಮಾನಿ ಫೆಲಿಸಿಂಗಳಿಗೆ ಆ ದನಿ ಧಾರಾಳವಾಗಿತ್ತು.

ಅವಳ ತಮ್ಮನ ಹೆಂಡತಿ ರೊಸೆಂಡಾ ಅಲ್ಲಿ ಕಲಾಡೊ ಮಾಡುತ್ತಿದ್ದಳು. ಅನಾನಸ್ ಎಲೆಯ ನಾರಿನ ಬಟ್ಟೆಯಿಂದ ಒಂದೊಂದೇ ಎಳೆ ಕಿತ್ತು, ಉಳಿದವನ್ನು ಸೂಜಿಯಲ್ಲಿ ಬಿಗಿದು ಜಾಲರಿ ಕಟ್ಟುವ ಕೆಲಸ ಅದು. ಮದುಮಗನ ಬರೋಂಗ್ ಅಂಗಿಯ ಎದೆಯ ಮೇಲೆ ಅವಳ ಜಾಲರಿ ಇಲ್ಲದಿದ್ದರೆ ಹಳೆಯ ಮನೆತನಗಳು ಮೂಗು ಮುರಿಯುತ್ತಿದ್ದವು. ಅವಳಿಗಿದ್ದ ಹೆಮ್ಮೆ ಅದೊಂದೇ. ಕ್ರಿಸ್ಪಿನ್‌ನಂಥ ಗಂಡನನ್ನು ಕಟ್ಟಿಕೊಂಡವಳಿಗೆ ಬೇರೆ ಹೆಮ್ಮೆ ಎಲ್ಲಿಂದ ಬರಬೇಕು?

ಮುಟ್ಟು ನಿಂತ ಮೇಲೆ ಅವಳಿಗೆ ಕಾವು ಏಳತೊಡಗಿತು. ಎದೆಯಲ್ಲಿ ಹೊತ್ತಿಕೊಂಡಂತಾಗಿ ಕತ್ತು, ಮುಖಕ್ಕೆ ಏರಿ, ಬೆರಳ ತುದಿಯವರೆಗೂ ಬೆವರು ಒಡೆಯುತ್ತಿತ್ತು. ನಿದ್ದೆ ಹರಿದುಹೋಗಿತ್ತು. ಒಂದು ಮಧ್ಯಾಹ್ನ ಮದುವೆಯ ಅಂಗಿಯೊಂದರ ಮೇಲೆ ಅವಳ ಅಂಗೈಯ ಬೆವರು ಹಳದಿ ಕಲೆಯಾಗಿ ಕೂತಿತು.

"ಪಸ್ಮಾನೇ," ಎಂದಳು ಫೆಲಿಸಿಂಗ್, ಕಲೆಯನ್ನು ಬೆಳಕಿಗೆ ಹಿಡಿದು. "ಕೆಲಸ ಮಾಡಿದ ಬಿಸಿ ಕೈ ತೊಳ್ಕೊಂಡಿದ್ದೀಯ. ಇನ್ಮೇಲೆ ಕತ್ತಲಾಗೋವರೆಗೂ ನೀರು ಮುಟ್ಟಬೇಡ."

"ಮೈ ಉರೀತಿದೆ ಅಕ್ಕ. ಮುಖಕ್ಕಾದ್ರೂ ನೀರು ಹಾಕ್ಕೊಳ್ಳಲಾ?"

"ಹಾಕ್ಕೋ. ಬಾಯಿ ಸೊಟ್ಟಗಾದ್ಮೇಲೆ ನನ್ನತ್ರ ಬಂದು ಅಳಬೇಡ."

ಮದ್ದೂ ಸಿದ್ಧವಾಯಿತು. ಅಕ್ಕಿ ತೊಳೆದ ನೀರಿಗೆ ಉಪ್ಪು ಹಾಕಿ ಕೈ ನೆನೆಸುವುದು. ಅದಕ್ಕೂ ಬಗ್ಗದಿದ್ದರೆ ಬೆಳಗಿನ ಸ್ವಂತ ಮೂತ್ರ. ಅದೇ ಕೈಯಿಂದ ಮದುಮಗನ ಅಂಗಿ ಮುಟ್ಟಬೇಕೆಂಬುದು ಕಸೂತಿ ಮನೆಯ ಆ ಪಂಡಿತೆಯರಲ್ಲಿ ಒಬ್ಬಳಿಗೂ ಹೊಳೆಯಲಿಲ್ಲ. ಕಡೆಗೆ ಫೆಲಿಸಿಂಗ್ ರೊಸೆಂಡಾಳ ಕಸೂತಿ ಚೌಕಟ್ಟನ್ನು ಬೇರೊಬ್ಬಳಿಗೆ ಕೊಟ್ಟು, ಬೆಂದುಹೋಗುತ್ತಿದ್ದ ಹೆಂಗಸನ್ನು ಇಸ್ತ್ರಿ ಕೆಲಸಕ್ಕೆ ಹಾಕಿದಳು. ಇಡೀ ಮನೆಯಲ್ಲಿ ಅದಕ್ಕಿಂತ ಬಿಸಿಯಾದ ಜಾಗ ಇರಲಿಲ್ಲ.

"ಸೂಜಿ ಕಿತ್ಕೊಂಡ್ರು ಕಣೇ. ಇನ್ನು ನಾನ್ಯಾತಕ್ಕೆ?" ಎಂದು ಅವಳು ನನ್ನ ಮನೆಗೆ ಬಂದು ಕೂತಳು. ಮರುದಿನ ನಾನೇ ಅವಳನ್ನು ಸಾಂತಾ ಕ್ರೂಸಿನ ಡಾಕ್ಟರ್ ಕೆರುಬಿನ್ ಅವರಲ್ಲಿಗೆ ಕರೆದುಕೊಂಡು ಹೋದೆ.

ಡಾಕ್ಟರಮ್ಮ ಪಸ್ಮಾ ಎಂಬ ಮಾತಿಗೆ ನಗಲಿಲ್ಲ, ಹೌದೆಂದು ತಲೆಯನ್ನೂ ಆಡಿಸಲಿಲ್ಲ. "ಮುಟ್ಟು ನಿಲ್ಲೋ ಕಾಲದ ಕಾವು ಇದು. ಹಾರ್ಮೋನ್ ಚಿಕಿತ್ಸೆ ಇದಕ್ಕೆ ಚೆನ್ನಾಗಿ ಹಿಡಿಯುತ್ತೆ. ನಿಮಗೆ ಗರ್ಭಕೋಶ ಇರೋದ್ರಿಂದ ಅದನ್ನ ಕಾಯೋಕೆ ಇನ್ನೊಂದು ಹಾರ್ಮೋನೂ ಜೊತೆಗೆ ಬೇಕು. ಸ್ತನದ ಕ್ಯಾನ್ಸರ್ ಅಪಾಯ ಸ್ವಲ್ಪ ಏರುತ್ತೆ, ತುಂಬಾ ವರ್ಷ ತಗೊಂಡಷ್ಟೂ ಏರುತ್ತೆ. ರಕ್ತ ಹೆಪ್ಪುಗಟ್ಟೋ ಭಯ ಮಾತ್ರೆಗಿಂತ ಚರ್ಮಕ್ಕೆ ಅಂಟಿಸೋ ಪಟ್ಟೀಲಿ ಕಮ್ಮಿ."

"ನಮ್ಮ ಚಿಕ್ಕಮ್ಮ ಎದೆ ಕ್ಯಾನ್ಸರಲ್ಲೇ ಹೋದ್ರು. ನಾನೇ ಆರೈಕೆ ಮಾಡಿದ್ದು."

"ಅದನ್ನೂ ತೂಗಿ ನೋಡಬೇಕು. ಆದ್ರೆ ಅಷ್ಟಕ್ಕೇ ಬೇಡ ಅಂತಲ್ಲ. ಮೊದಲು ಎದೆ ಪರೀಕ್ಷೆ ಆಗಲಿ. ಹಾರ್ಮೋನ್ ಇಲ್ಲದ ಮಾತ್ರೆಯೂ ಇದೆ, ಇಷ್ಟು ಹಿಡಿಯಲ್ಲ. ಯೋಚಿಸಿ ಬನ್ನಿ."

ಪರೀಕ್ಷೆಯಲ್ಲಿ ದೋಷವೇನೂ ಕಾಣಲಿಲ್ಲ. ಯೋಚಿಸುವ ಕೆಲಸವನ್ನು ಮಾತ್ರ ಅವಳ ಮನೆಯವರು ಅವಳಿಗೆ ಬಿಡಲಿಲ್ಲ. ಕ್ರಿಸ್ಪಿನ್ ಜಿನ್ ಬಾಟಲಿ, ಹುರಿದ ಹಂದಿ ಚರ್ಮದ ತಟ್ಟೆಯ ಮುಂದೆ ಕೂತು ವೈದ್ಯಶಾಸ್ತ್ರ ಬೋಧಿಸಿದ. ಅವನ ಲಿವರ್ ಬಗ್ಗೆ ಎಚ್ಚರಿಸಿದ ಡಾಕ್ಟರನ್ನು ಅವನು ಬಿಟ್ಟು ಎಷ್ಟೋ ಕಾಲವಾಗಿತ್ತು.

"ಕ್ಯಾನ್ಸರ್ ತರೋ ಔಷಧಿ ಅದು. ನಿಸರ್ಗ ನಿಲ್ಲಿಸಿದ್ದನ್ನ ನೀನ್ಯಾಕೆ ಮತ್ತೆ ಶುರು ಮಾಡ್ತೀಯ?"

"ಕೂದಲಿಗೆ ಕಪ್ಪು ಬಳ್ಕೊಳ್ಳೋವಾಗ ನೀನು ನಿಸರ್ಗದ ಅಪ್ಪಣೆ ಕೇಳಿದ್ಯಾ?"

ಫೆಲಿಸಿಂಗ್ ತಾನು ನುಂಗುವ, ಒಳಗೇನಿದೆಯೆಂದು ತಯಾರಿಸಿದವನೂ ಬರೆಯದ ಗಿಡಮೂಲಿಕೆ ಕ್ಯಾಪ್ಸೂಲನ್ನು ಮುಂದೆ ಚಾಚಿದಳು. ಅಪಾಯ ಎಂಬ ಮಾತು ಇವರಿಗೆ ನೆನಪಾಗುವುದು ಹೆಂಗಸೊಬ್ಬಳು ಗುಣವಾಗಲು ಹೊರಟಾಗ ಮಾತ್ರ. ರೊಸೆಂಡಾಳ ಭಯ ಇವರದ್ದಕ್ಕಿಂತ ದೊಡ್ಡದು. ಚಿಕ್ಕಮ್ಮನ ಗಾಯಕ್ಕೆ ಪಟ್ಟಿ ಕಟ್ಟಿದ ಕೈ ಅವಳದು. ಆದರೂ ಭಾನುವಾರದ ಪೂಜೆ ಮುಗಿಸಿ ಚರ್ಚಿನಿಂದ ಬರುತ್ತ ನನಗೆ ಹೇಳಿದಳು: "ಹೆದರಿಕೆ ಇದೆ ಕಣೇ. ಆದ್ರೂ ಸೂಜಿ ಇಲ್ದೆ ಕೂರೋದಕ್ಕಿಂತ ಆಗಾಗ ಎದೆ ತೋರಿಸ್ಕೊಂಡು ಬರೋದೇ ವಾಸಿ."

ಪಟ್ಟಿ ಅಂಟಿಸಿಕೊಂಡಳು, ಎರಡನೆಯ ಹಾರ್ಮೋನಿನ ಮಾತ್ರೆಯನ್ನೂ ನುಂಗಿದಳು. ಮೊದಲು ನಿದ್ದೆ ಮರಳಿತು. ಮಳೆಗಾಲ ಮುಗಿಯುವ ವೇಳೆಗೆ ಕಾವು ಅಪರೂಪಕ್ಕೆ ಬಂದು ಹೋಗುವಂತಾಯಿತು, ಅಂಗೈ ಒಣಗಿತು.

ಒಂದು ದಿನ ಅವಳು ಇಸ್ತ್ರಿಪೆಟ್ಟಿಗೆಯನ್ನು ನಿಲ್ಲಿಸಿ, ಎಲ್ಲರೂ ನೋಡುತ್ತಿರುವಂತೆ ನಲ್ಲಿಯ ಕೆಳಗೆ ಮೊಣಕೈವರೆಗೆ ತಣ್ಣೀರು ಬಿಟ್ಟುಕೊಂಡಳು. ಕೋಣೆಯ ಸೂಜಿಗಳೆಲ್ಲ ನಿಂತವು.

"ಇಸ್ತ್ರಿ ಕೈಗೆ ತಣ್ಣೀರಾ?" ಎಂದಳು ಫೆಲಿಸಿಂಗ್. "ನಡುಗುತ್ತೆ, ನೋಡ್ತಿರು."

"ನೋಡ್ತಾನೇ ಕೂತಿರು ಅಕ್ಕ." ರೊಸೆಂಡಾ ಕೈ ಒರೆಸಿಕೊಂಡು, ಬೇರೊಬ್ಬಳ ಮುಂದಿದ್ದ ತನ್ನ ಚೌಕಟ್ಟನ್ನು ಎಳೆದುಕೊಂಡು ಕೂತಳು.

ಅವರು ನಿಜಕ್ಕೂ ನೋಡುತ್ತ ಕೂತರು. ಬೆರಳು ನಡುಗಲಿಲ್ಲ. ಸಂಜೆಗೆ ಅಂಗಿಯ ಎದೆಯ ಮೇಲೆ ಕಲೆಯಿಲ್ಲದ ಜಾಲರಿಯ ಸಾಲೊಂದು ಎದ್ದಿತ್ತು. ಫೆಲಿಸಿಂಗ್ ಅದನ್ನು ಬೆಳಕಿಗೆ ಹಿಡಿದು ನೋಡಿದಳು.

"ಹೇಳಿರಲಿಲ್ವಾ," ಎಂದಳು ಉಳಿದವರ ಕಡೆ ತಿರುಗಿ. "ಅಕ್ಕಿ ತೊಳೆದ ನೀರು ನಿಧಾನಕ್ಕೆ ಹಿಡಿಯುತ್ತೆ."

ಹೆಂಗಸರೆಲ್ಲ ಹೌದೆಂದು ತಲೆಯಾಡಿಸಿದರು. ರೊಸೆಂಡಾ ಬಟ್ಟೆಯನ್ನು ಅವಳ ಕೈಯಿಂದ ತೆಗೆದುಕೊಂಡು ಮುಂದಿನ ಎಳೆ ಕಿತ್ತಳು.