ಏಳು ಗಂಟೆಗೆ ಹಾಕಿ

೧೯೫೮ರಲ್ಲಿ ಶಿಕಾರಿಪುರದ ನಮ್ಮ ಕಾಲೇಜಿಗೆ ಎರಡು ವರ್ಷ, ಅಲ್ಲಿ ಕನ್ನಡ ಕಲಿಸುವ ನನ್ನ ಕೆಲಸಕ್ಕೆ ಆರು ತಿಂಗಳು. ಸಣ್ಣ ಕಾಲೇಜುಗಳಲ್ಲಿ ಹಾಕಿ ತಂಡ ಕಟ್ಟುವ ಸಾಧ್ಯತೆ ಇದೆಯೇ, ವರದಿ ಕಳಿಸಿ ಎಂದು ಸುತ್ತೋಲೆ ಬಂತು. ಪ್ರಿನ್ಸಿಪಾಲ್ ಆನಂದಪ್ಪನವರು ಅದನ್ನು ನನ್ನ ಕೈಗಿಟ್ಟರು.

"ಅರ್ಜಿಯಲ್ಲಿ ಹಾಕಿ ಆಡಿದ್ದೆ ಅಂತ ಬರೆದಿದ್ದೀರಲ್ರೀ, ರಾಜೇಶ್ವರಮ್ಮ."

ಬರೆದಿದ್ದೆ. ಓದುವ ಕಾಲದಲ್ಲಿ ಎರಡು ಪಂದ್ಯಗಳಲ್ಲಿ ಗೆರೆಯಾಚೆ ನಿಂತು ಆಟಗಾರ್ತಿಯರ ಬಳೆಗಳನ್ನು ಕಾದಿದ್ದೆ. ಕೆಲಸ ಬೇಕಾದಾಗ ಅದನ್ನೂ ಆಟವೆಂದೇ ಲೆಕ್ಕ ಹಿಡಿದಿದ್ದೆ.

ವರದಿಯನ್ನು ಬಹಳ ಗಂಭೀರವಾಗಿ ಬರೆದೆ. ಮೈದಾನ: ದನಗಳು ಒಪ್ಪಿದರೆ ಕೆರೆ ಪಕ್ಕದ ಗೋಮಾಳ. ಕೋಲು: ಸದ್ಯಕ್ಕೆ ನಾಲ್ಕು. ಆಟಗಾರರು: ಹಾಸ್ಟೆಲಿನ ಮೂವತ್ತು ಹುಡುಗರಲ್ಲಿ ಇಪ್ಪತ್ತೆರಡು ಮಂದಿ. ಆಟಗಾರರ ಬೆಳಗಿನ ತಿಂಡಿ: ವ್ಯವಸ್ಥೆ ಇದೆ.

ಆ ವ್ಯವಸ್ಥೆಯ ಹೆಸರು ಲೋಕಮ್ಮ. ಸೊರಬದವಳು. ಗಂಡ ತೀರಿಕೊಂಡ ಮೇಲೆ ಮಗಳು ಹೂವಮ್ಮನನ್ನು ಅಲ್ಲೇ ಅಣ್ಣ ಧರ್ಮಪ್ಪನ ಮನೆಯಲ್ಲಿ ಬಿಟ್ಟು ನಮ್ಮ ಹಾಸ್ಟೆಲಿಗೆ ಅಡುಗೆಗೆ ಬಂದಿದ್ದಳು. ಮೂವತ್ತು ಜನರಿಗೆ ಎರಡು ಹೊತ್ತಿನ ಊಟ, ಒಂದು ಹೊತ್ತಿನ ತಿಂಡಿ, ಎರಡು ಒಲೆ, ಒಬ್ಬಳೇ ಹೆಂಗಸು. ಭಾನುವಾರ ರಜೆ. ರಜೆ ಎಂದರೆ ಭಾನುವಾರದ ರೊಟ್ಟಿಯನ್ನೂ ಶನಿವಾರವೇ ಬಡಿದಿಟ್ಟು, ಬೆಳಿಗ್ಗೆ ಆರೂವರೆಯ ಸೊರಬದ ಬಸ್ಸು ಹತ್ತಿ, ಸಂಜೆಗೆ ಬಂದು ಮತ್ತೆ ಒಲೆ ಹಚ್ಚುವುದು. ಸ್ತ್ರೀಯರ ಸ್ಥಿತಿಗತಿಯ ಬಗ್ಗೆ ತರಗತಿಯಲ್ಲಿ ಗಂಟೆಗಟ್ಟಲೆ ಮಾತಾಡುತ್ತಿದ್ದ ನಾನು ದಿನಾ ಅವಳು ಮಾಡಿದ್ದನ್ನೇ ಉಂಡು ಅವಳ ಭಾನುವಾರವನ್ನು ರಜೆ ಎಂದೇ ನಂಬಿದ್ದೆ.

ಆ ಶುಕ್ರವಾರ ಅವಳು ಒಂದು ಕಾರ್ಡು ತಂದಳು. ದಪ್ಪಕ್ಷರವಾದರೆ ಕೂಡಿಸಿ ಓದುತ್ತಿದ್ದಳು, ಸಣ್ಣ ಕೈಬರಹ ಓದಲು ಬಾರದು. ಓದಿ ಹೇಳಿದೆ. ಹೂವಮ್ಮನ ಮೇಷ್ಟರು ಬರೆದಿದ್ದರು: ಹುಡುಗಿ ಒಂದು ತಿಂಗಳಿಂದ ಶಾಲೆಗೆ ಬಂದಿಲ್ಲ, ಸೋಮವಾರ ಬೆಳಿಗ್ಗೆ ಹಾಜರಾಗದಿದ್ದರೆ ಹೆಸರು ಹೊಡೆಯಲಾಗುವುದು.

"ಅತ್ತಿಗಿ ಬಾಣಂತಿ," ಎಂದಳು ಲೋಕಮ್ಮ. "ಕೂಸಿನ ಬಟ್ಟಿ ಒಗೆಯಕ್ಕೆ ಇವಳನ್ನ ಇಟ್ಕಂಡಾರೆ. ಈ ಭಾನುವಾರ ಹೋಗಿ ಅಣ್ಣನ ಹತ್ರ ಮಾತಾಡಿ ಬರ್ತೀನಿ ಅಕ್ಕೋರೆ."

"ಹೋಗಲೇಬೇಕು," ಎಂದೆ. ಹೆಣ್ಣುಮಕ್ಕಳ ವಿದ್ಯೆಯ ಬಗ್ಗೆ ಇನ್ನೂ ನಾಲ್ಕು ಮಾತು ಸೇರಿಸಿದೆ. ಅವಳು ಅಕ್ಕಿ ಆರಿಸುತ್ತಾ ಕೇಳಿದಳು.

ಶನಿವಾರ ಸಂಜೆ ತಂಡದ ಆಯ್ಕೆಗೆ ಒಂದು ನೋಟೀಸು ಬರೆದೆ. ಕಾಲೇಜಿನ ಹಲಗೆಯನ್ನು ಯಾರೂ ನೋಡುವುದಿಲ್ಲ, ಹುಡುಗರೆಲ್ಲ ಹಾದುಹೋಗುವುದು ಅಡುಗೆಮನೆಯ ಬಾಗಿಲನ್ನೇ ಎಂದು ಅಲ್ಲಿ ಅಂಟಿಸಿದೆ. ಬುದ್ಧಿವಂತೆ ಎಂದು ನನ್ನನ್ನು ನಾನೇ ಮೆಚ್ಚಿಕೊಂಡೆ. ದಪ್ಪಕ್ಷರದಲ್ಲಿ ಹೀಗೆ ಬರೆದಿದ್ದೆ: "ಭಾನುವಾರ ಬೆಳಿಗ್ಗೆ ಏಳು ಗಂಟೆಗೆ ಹಾಕಿ. ಇಪ್ಪತ್ತೆರಡು ಮಂದಿ. ತಪ್ಪಬಾರದು."

ಮರುದಿನ ಏಳರಿಂದ ಎಂಟರವರೆಗೆ ನಾಲ್ಕು ಕೋಲು ಹಿಡಿದು ಗೋಮಾಳದಲ್ಲಿ ನಿಂತೆ. ದನಗಳು ಬಂದವು. ಹುಡುಗರು ಬರಲಿಲ್ಲ. ಸಿಟ್ಟಿನಿಂದ ಹಾಸ್ಟೆಲಿಗೆ ಬಂದರೆ ಇಪ್ಪತ್ತೆರಡೂ ಮಂದಿ ಸಾಲಾಗಿ ಕೂತು ಎರಡನೇ ಸಲದ ಉಪ್ಪಿಟ್ಟು ತಿನ್ನುತ್ತಿದ್ದರು.

"ಬಿಸಿ ಉಪ್ಪಿಟ್ಟು ಬಿಟ್ಟು ಹೆಂಗ್ ಬರೋದು ಮೇಡಂ?" ಎಂದ ಕಲ್ಲಪ್ಪ, ಅವರಲ್ಲೇ ದಷ್ಟಪುಷ್ಟನಾದವನು.

ಒಳಗೆ ಲೋಕಮ್ಮ ಬಾಣಲೆ ಕೆರೆಯುತ್ತಿದ್ದಳು.

"ನೀನು ಹೋಗಲಿಲ್ವಾ?"

"ನೀವೇ ಬರ್ದೀರಲ ಅಕ್ಕೋರೆ. ಏಳು ಗಂಟಿಗೆ ಹಾಕಿ, ಇಪ್ಪತ್ತೆರಡು ಮಂದಿ, ತಪ್ಪಬಾರದು. ಹಾಕಿದೀನಿ."

"ಹಾಕಿ ಅಂದ್ರೆ ಆಟದ ಹೆಸರು, ಲೋಕಮ್ಮ."

ಅವಳು ಬಾಣಲೆ ಕೆಳಗಿಟ್ಟಳು. "ಅನ್ನ ಹಾಕಿ, ಸಾರು ಹಾಕಿ, ಇನ್ನೊಂಚೂರು ಹಾಕಿ. ದಿನಾ ಇದೇ ಕೇಳಿ ಕಿವಿ ತೂತಾಗೇತಿ. ಅದನ್ನ ಆಟ ಅಂತ ನಾನೆಂಗ್ ತಿಳ್ಕಳ್ಳಿ? ಕಾರ್ಡು ಓದಿದೋರು ನೀವು. ಗೊತ್ತಿದ್ದೂ ಹೇಳೀರಿ ಅಂದ್ರೆ ಏನೋ ಭಾರೀ ಕೆಲ್ಸ ಇರಬೇಕು ಅನ್ಕಂಡೆ."

ಭಾನುವಾರ ಸೊರಬಕ್ಕೆ ಬೇರೆ ಬಸ್ಸಿರಲಿಲ್ಲ. ನಾಳೆ ನೀನು ಹೋಗು, ಅಡುಗೆ ನಾನು ನೋಡಿಕೊಳ್ಳುತ್ತೇನೆ ಎಂದೆ. ನನ್ನ ಕೈಗಳನ್ನು ಒಮ್ಮೆ ನೋಡಿದಳು.

ಸೋಮವಾರ ಅನ್ನ ತಳದಲ್ಲಿ ಸೀದು ಮೇಲೆ ಅಕ್ಕಿಯಾಗೇ ಉಳಿಯಿತು. ಒರಳುಗುಂಡು ತಿರುಗಿಸಿ ಅಂಗೈಯಲ್ಲಿ ಬೊಬ್ಬೆ ಎದ್ದವು. ಹತ್ತು ಗಂಟೆಗೆ ಮೊಣಕೈವರೆಗೆ ಮಸಿಯಿದ್ದ ಕೈಯಲ್ಲಿ ಜನಪದ ಹಾಡುಗಳಲ್ಲಿ ಗೃಹಿಣಿ ಎಂಬ ಪಾಠ ಶುರುಮಾಡಿ, ಕುರ್ಚಿಯಲ್ಲೇ ತೂಕಡಿಸಿದೆ. ಹುಡುಗರು ನಗಲೂ ಇಲ್ಲ. ಅವರಿಗೂ ಹಸಿವು. ಮಧ್ಯಾಹ್ನ ವರದಿಯಲ್ಲಿ 'ವ್ಯವಸ್ಥೆ ಇದೆ' ಎಂಬುದನ್ನು ಹೊಡೆದುಹಾಕಿದೆ.

ಸಂಜೆಯ ಬಸ್ಸಿಗೆ ಲೋಕಮ್ಮ ಬಂದಳು. ಹಿಂದೆ ತಗಡಿನ ಪೆಟ್ಟಿಗೆ ಹೊತ್ತ ಹೂವಮ್ಮ.

"ಹೆಸರು?" ಎಂದೆ.

"ನಾವು ಹೋಗೋದ್ರೊಳಗೆ ಹೊಡೆದಿದ್ರು. ನಿನ್ನೆ ಹೋಗಿದ್ರೆ ಇವಳು ಬೆಳಿಗ್ಗೆನೇ ಶಾಲ್ಯಾಗೆ ಕೂತಿರ್ತಿದ್ಲು." ಅವಳ ಮಾತಿನಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಹಗುರಾಗುತ್ತಿತ್ತು. "ಹೊಡೆದ್ರೆ ಹೊಡೀರಿ, ಟಿ.ಸಿ. ಕೊಡ್ರಿ ಅಂದೆ. ಇಲ್ಲೇ ಸೇರಸ್ತೀನಿ."

ಅಷ್ಟರಲ್ಲಿ ಆನಂದಪ್ಪನವರು ಬಂದರು. "ಒಳ್ಳೇದಾಯ್ತು ಲೋಕಮ್ಮ. ಬೆಳಿಗ್ಗೆ ನಿನಗೊಂದು ಕೈ ಸಿಕ್ಕಂಗಾಯ್ತು. ಇನ್ನು ಹಾಕಿನೂ ಶುರು ಮಾಡಬಹುದು."

"ಇಲ್ರೀ ಸರ. ಅಲ್ಲಿ ಬಾಣಂತಿ ಬಟ್ಟಿ, ಇಲ್ಲಿ ನಿಮ್ಮ ಪಾತ್ರೆ, ಅದಕ್ಕಾದ್ರೆ ಯಾಕೆ ಕರ್ಕಂಡು ಬರ್ಲಿ? ಆಡೋರು ಇಪ್ಪತ್ತೆರಡು ಮಂದಿ ಅದಾರಲ್ಲ, ಸರದಿ ಮೇಲೆ ಬಂದು ಕಾಯಿ ತುರೀಲಿ."

ಆನಂದಪ್ಪನವರು ನನ್ನ ಕಡೆ ನೋಡಿದರು. ನಾನು ಸರದಿಯ ಪಟ್ಟಿ ಬರೆದು ಅಂಟಿಸಿದೆ, ಈ ಸಲ ಪೂರ್ತಿ ವಾಕ್ಯಗಳಲ್ಲಿ. ಬೆಳಗಾಗುವಷ್ಟರಲ್ಲಿ ಇಪ್ಪತ್ತೊಂದು ಹುಡುಗರಿಗೆ ಆಟದ ಆಸೆ ಹೋಗಿತ್ತು.

ಲೋಕಮ್ಮ ಮಗಳ ಜಡೆ ಬಿಗಿದು, ಟಿ.ಸಿ.ಯನ್ನು ಸೆರಗಿನಲ್ಲಿ ಕಟ್ಟಿಕೊಂಡಳು. "ಬೇಳಿ ನೋಡ್ಕಳ್ರಿ ಅಕ್ಕೋರೆ, ಉಕ್ಕಿದ್ರೆ ಮುಚ್ಚಳ ತೆಗೀರಿ," ಎಂದು ಹೇಳಿ ಶಾಲೆಯ ಕಡೆ ಹೊರಟಳು. ನಾನು ಒಲೆಯ ಮುಂದೆ ಕೂತೆ. ಪಕ್ಕದಲ್ಲಿ ಕಲ್ಲಪ್ಪ ಬೆರಳು ಕೊಯ್ದುಕೊಳ್ಳದಂತೆ ಬಹಳ ಎಚ್ಚರದಿಂದ ಕಾಯಿ ತುರಿಯುತ್ತಿದ್ದ.