ಗೋಡೆ ಸಾಲಿನವರ ವಿಶ್ರಾಂತಿ

ಅರವತ್ತರ ದಶಕದ ಮೊದಲ ವರ್ಷಗಳಲ್ಲಿ ನಾನು ಮೈಸೂರಿನ ಒಂದು ವೈದ್ಯಕೀಯ ಕಾಲೇಜಿನಲ್ಲಿ ಡೆಮಾನ್‌ಸ್ಟ್ರೇಟರ್ ಆಗಿದ್ದೆ. ನಮ್ಮ ಪ್ರೊಫೆಸರರು ಮೊಣಕಾಲಿನ ಬಗ್ಗೆ ಸಂಶೋಧನೆ ನಡೆಸುತ್ತಿದ್ದರು. ಮುರಿದ ಮೂಳೆ ಕೂಡಿಕೊಂಡ ಮೇಲೂ ಮಂಡಿ ಬಾಗದೆ ಬಿಗಿದುಕೊಂಡು ಉಳಿಯುತ್ತದಲ್ಲ, ಅದಕ್ಕೆ ವ್ಯಾಯಾಮ ಒಳ್ಳೆಯದೋ ವಿಶ್ರಾಂತಿ ಒಳ್ಳೆಯದೋ ಎಂಬುದು ಅವರ ಪ್ರಶ್ನೆ. ವಾರ್ಡಿನಲ್ಲಿ ಕಿಟಕಿಯ ಸಾಲಿನವರಿಗೆ ವ್ಯಾಯಾಮ, ಗೋಡೆಯ ಸಾಲಿನವರಿಗೆ ಬರೀ ವಿಶ್ರಾಂತಿ. ಯಾರು ಯಾವ ಸಾಲಿಗೆ ಎಂಬುದನ್ನು ಚೀಟಿ ಎತ್ತಿ ತೀರ್ಮಾನಿಸಿದ್ದೆವು. ಮಂಡಿ ಎಷ್ಟು ಬಾಗುತ್ತದೆಂದು ಹಿತ್ತಾಳೆಯ ಕೋನಮಾಪಕ ಹಿಡಿದು ಅಳೆಯುವುದು ನನ್ನ ಕೆಲಸ.

ಗೋಡೆಯ ಸಾಲಿನಲ್ಲಿ ಉದಯಗಿರಿಯ ಕಡೆಯ ಒಬ್ಬ ಆಚಾರ್ರು ಇದ್ದರು. ಬೀಟೆ ಮರದ ಹಲಗೆಯಲ್ಲಿ ಬೇರೆ ಬೇರೆ ಬಣ್ಣದ ಮರದ ಚೂರು ಕೂರಿಸಿ ಚಿತ್ರ ಮಾಡುವವರು. ನೆಲದ ಮೇಲೆ ಕೂತು, ಹಲಗೆಯನ್ನು ಪಾದದಿಂದ ಒತ್ತಿ ಹಿಡಿದು ಮಾಡುವ ಕೆಲಸ ಅದು. ಮಂಡಿ ಮಡಚದಿದ್ದರೆ ಆಗದು. ದೀಪಾವಳಿಯವರೆಗೆ ಜಾಗ ಇಟ್ಟಿರುತ್ತೇನೆ, ಆಮೇಲೆ ಬೇರೆಯವರನ್ನು ಕೂರಿಸುತ್ತೇನೆ ಎಂದು ಕಾರ್ಖಾನೆಯ ಯಜಮಾನ ಹೇಳಿ ಕಳಿಸಿದ್ದ.

“ಕಾಲು ಮಡಚೋ ಅಂಗಾದ್ರೆ ಸಾಕು ಸ್ವಾಮಿ,” ಎಂದು ಆಚಾರ್ರು ನನಗೆ ಹೇಳುತ್ತಿದ್ದರು. “ನಡೆಯೋದು ಓಡೋದು ಬೇಕಾದೋರು ಮಾಡ್ಕೊಳ್ಲಿ.”

ವಿಶ್ರಾಂತಿಯವರು ನಿಜವಾಗಿಯೂ ವಿಶ್ರಮಿಸುತ್ತಿದ್ದಾರೆಯೇ ಎಂದು ನೋಡಲು ಪ್ರೊಫೆಸರರು ಆಗಾಗ ಸ್ವತಃ ಬರುತ್ತಿದ್ದರು. ಅವರು ಬಾಗಿಲಲ್ಲಿ ಕಂಡೊಡನೆ ಗೋಡೆಯ ಸಾಲು ಪೂರ್ತಿ ಮಂಚದಿಂದಿಳಿದು ಕೈಮುಗಿದು ನಿಲ್ಲುತ್ತಿತ್ತು. ಮಲಗಿ ಎಂದರೆ ಕೂರುತ್ತಿದ್ದರು. ಪ್ರೊಫೆಸರರು ಒಂದು ಹೆಜ್ಜೆ ಮುಂದಿಟ್ಟರೆ ಮತ್ತೆ ಏಳುತ್ತಿದ್ದರು.

“ಮಲಗ್ರೀ ಅಂದ್ನಲ್ಲ.”

“ತಾವು ನಿಂತಿರೋವಾಗ ನಾವು ಕಾಲು ಚಾಚ್ಕೊಂಡು ಮಲಗೋದಾ ಬುದ್ಧಿ?” ಎಂದರು ಆಚಾರ್ರು.

ಅನುಮಾನ ಬಂದು ಪ್ರೊಫೆಸರರು ಇನ್ನೂ ಹೆಚ್ಚು ಸಲ ಬರತೊಡಗಿದರು.

ಕಿಟಕಿಯ ಸಾಲಿನಲ್ಲಿ ಇದೇ ಮರ್ಯಾದೆ ತಿರುಗುಮುರುಗಾಗಿತ್ತು. ಮಲಗಿ ಕಾಲೆತ್ತುವುದು ಅವರ ವ್ಯಾಯಾಮ. ಅವರು ಏಳದಂತೆ ವ್ಯಾಯಾಮದ ಮೇಷ್ಟರು ಭುಜ ಹಿಡಿದಿರುತ್ತಿದ್ದರು. ಆದರೆ ಕಾಲೆತ್ತಿದರೆ ಅಂಗಾಲು ಪ್ರೊಫೆಸರರ ಮುಖಕ್ಕೆ ಎದುರಾಗುತ್ತದೆ. ಆದ್ದರಿಂದ ಒಬ್ಬರೂ ಎತ್ತುತ್ತಿರಲಿಲ್ಲ. ಎತ್ತುತ್ತಾರೇನೋ ಎಂದು ಪ್ರೊಫೆಸರರು ವ್ಯಾಯಾಮದ ಹೊತ್ತು ಮುಗಿಯುವವರೆಗೂ ಅಲ್ಲೇ ಕಾಯುತ್ತಿದ್ದರು. ಅಷ್ಟು ಹೊತ್ತೂ ಕಿಟಕಿಯ ಸಾಲಿನವರಿಗೆ ಒಳ್ಳೆಯ ವಿಶ್ರಾಂತಿ ಸಿಗುತ್ತಿತ್ತು.

ಕೊನೆಗೆ ಪ್ರೊಫೆಸರರು ಗೋಡೆಯ ಸಾಲಿನವರ ಕಾಲಿನ ಮೇಲೆ ಮರಳಿನ ಚೀಲ ಹೇರಿಸಿದರು. ಮರುದಿನ ಆಚಾರ್ರು ಚೀಲವನ್ನು ಕಾಲಿನಿಂದಲೇ ಮೆಲ್ಲಗೆ ಮೇಲೆತ್ತಿ, ಪಕ್ಕಕ್ಕೆ ಜಾರಿಸಿ, ಎದ್ದು ಕೈಮುಗಿದರು. ಉಳಿದವರೂ ಅದನ್ನು ಕಲಿತರು.

ವಾರಗಳು ಕಳೆದಂತೆ ಗೋಡೆಯ ಸಾಲಿನ ಮಂಡಿಗಳು ಬಾಗತೊಡಗಿದವು. ಕಿಟಕಿಯವು ಇದ್ದಲ್ಲೇ ಇದ್ದವು. ನಾನು ಕೋನಮಾಪಕದ ಮೇಲೆ ಸಂಶಯಪಟ್ಟೆ. ಬೇರೆಯದನ್ನು ತರಿಸಿ, ಮೊದಲು ನನ್ನ ಮಂಡಿ ಅಳೆದುಕೊಂಡು, ಆಮೇಲೆ ಅವರದನ್ನು ಅಳೆದೆ. ವ್ಯತ್ಯಾಸವಿರಲಿಲ್ಲ.

“ಇವರು ಅಲುಗಾಡ್ತಾ ಇದ್ದಾರೆ,” ಎಂದರು ಪ್ರೊಫೆಸರರು. “ಪ್ಲಾಸ್ಟರ್ ಹಾಕಿಬಿಡಿ. ಆಗ ವಿಶ್ರಾಂತಿ ಶುದ್ಧವಾಗಿರುತ್ತೆ.”

“ಸರ್, ಆಚಾರ್ರ ಮಂಡಿ ಈಗ ತಾನೆ ಬಾಗ್ತಾ ಇದೆ. ಕಟ್ಟಿದರೆ ಮತ್ತೆ ಬಿಗಿದುಕೊಳ್ಳುತ್ತೆ. ಅವರ ಕೆಲಸ ಹೋಗುತ್ತೆ,” ಎಂದೆ.

“ಬಿಗಿದುಕೊಂಡರೆ ವಿಶ್ರಾಂತಿ ಕೆಟ್ಟದ್ದು ಅಂತ ಸಾಬೀತಾಯ್ತು. ಅದನ್ನು ತಿಳಿಯೋದಕ್ಕೇ ಅಲ್ವೇನ್ರೀ ನಾವಿರೋದು?”

ಮರುದಿನ ಬೆಳಿಗ್ಗೆ ಕಾಂಪೌಂಡರ್ ಬೇಸಿನ್ನಿನಲ್ಲಿ ಪ್ಲಾಸ್ಟರ್ ಕಲಸಿದ. ಮೊದಲ ಸರದಿ ಆಚಾರ್ರದು. ಪ್ರೊಫೆಸರರು ಹತ್ತಿರ ಬಂದಾಗ ಅವರು ಮಂಚದಿಂದ ಇಳಿದರು. ಆದರೆ ನಿಲ್ಲಲಿಲ್ಲ. ಎರಡೂ ಮಂಡಿ ಊರಿ, ಹಿಮ್ಮಡಿಯ ಮೇಲೆ ಕೂತು, ಪ್ರೊಫೆಸರರ ಬೂಟಿಗೆ ಹಣೆ ಮುಟ್ಟಿಸಿದರು. ಹಿರಿಯರು ಹರಸಿ ಏನಾದರೂ ಹೇಳದ ಹೊರತು ಏಳುವಂತಿಲ್ಲ. ಪ್ರೊಫೆಸರರು ಹರಸುವುದು ಬಿಟ್ಟು ಅವರ ಮಂಡಿಯನ್ನೇ ನೋಡುತ್ತಿದ್ದರು.

“ಅಳೀರಿ,” ಎಂದರು ನನಗೆ.

ನಾನೂ ನೆಲಕ್ಕೆ ಕೂತೆ. ಕೋನಮಾಪಕವನ್ನು ಅವರ ಮಂಡಿಗೆ ಹಿಡಿದೆ. ತೊಡೆ ಮೀನಖಂಡಕ್ಕೆ ತಾಗಿತ್ತು.

“ಎಷ್ಟು?”

“ಪೂರ್ತಿ, ಸರ್.”

“ನೋವಿಲ್ಲ ಬುದ್ಧಿ,” ಎಂದರು ಆಚಾರ್ರು, ತಲೆಯೆತ್ತದೆ. “ತಾವು ಏನಾರ ಒಂದು ಮಾತು ಅಂದ್ಬುಟ್ರೆ ಎದ್ದೇಳ್ತೀನಿ.”

“ಒಳ್ಳೇದಾಗಲಿ.”

“ಎಲ್ಲಿ ಒಳ್ಳೇದಾಗ್ಲಿ ಬುದ್ಧಿ? ಇಲ್ಲೋ, ಕಾರ್ಖಾನೇಲೋ?”

ಪ್ರೊಫೆಸರರು ಬೇಸಿನ್ನಿನ ಕಡೆ ನೋಡಿದರು, ನನ್ನ ಕಡೆ ನೋಡಿದರು. “ಕಾರ್ಖಾನೆಗೆ ಹೋಗಪ್ಪ,” ಎಂದರು.

ಆಚಾರ್ರು ಮಂಚ ಹಿಡಿಯದೆ ಎದ್ದರು. ಅವರು ಬಟ್ಟೆಯ ಗಂಟು ಕಟ್ಟುತ್ತಿರುವಾಗಲೇ ಪಕ್ಕದ ಮಂಚದವನು ಇಳಿದು ಬಂದು ಮಂಡಿಯೂರಿ ಅದೇ ಬೂಟಿನ ಮೇಲೆ ಹಣೆಯಿಟ್ಟ. ಅವನ ಹಿಂದೆ ಇಡೀ ಗೋಡೆಯ ಸಾಲು ಬಂದು ನಿಂತಿತು.

“ಸಾರ್, ಇದು ಗಟ್ಟಿಯಾಯ್ತಾ ಅದೆ,” ಎಂದ ಕಾಂಪೌಂಡರ್.

ಕಾಲು ಕೀಳಲಾಗದೆ ನಿಂತಿದ್ದ ಪ್ರೊಫೆಸರರು ನನ್ನತ್ತ ಬೆರಳು ಮಾಡಿ, ಅಳೆಯಲು ಸನ್ನೆ ಮಾಡಿದರು.